ಮತ್ತೆ ಮಂಕಾದ ಹೆಡ್‌ಲೈಟು

ಕಾರಿನ ಹೆಡ್‌ಲೈಟು ಮತ್ತೆ ಮಂಕಾಗಿತ್ತು. ಬಲ್ಬು ಬದಲಾಗಿತ್ತು, ಬ್ಯಾಟರಿ ಹೊಸದು, ಡೈನಮೋ ಕೂಡ ರಿಪೇರಿಯಾಗಿತ್ತು. ಸಂಜೆ ಕ್ಲಬ್ಬಿಗೆ ಹೊರಡುವ ಹೊತ್ತಿಗೇ ಹೀಗಾಗಿ ಕಾರು ಮನೆಯಲ್ಲೇ ಉಳಿಯುತ್ತದೆಂದು ವೀರಭದ್ರಪ್ಪ ಸಿಟ್ಟಿನಿಂದ ಕುದಿಯುತ್ತಿದ್ದರು.

"ಏನಲೇ ದಸ್ತಗೀರ, ನಿನಗ ಗಾಡಿ ಕೆಲಸ ಬರ್ತದೋ ಇಲ್ಲೋ?"

ಮನೆಗೇ ಬಂದಿದ್ದ ಮೆಕ್ಯಾನಿಕ್ ಬಾನೆಟ್ಟಿನೊಳಗಿಂದ ತಲೆ ಎತ್ತಿದ. "ಬ್ಯಾಟರಿ ಅರ್ಥಿಂಗ್ ವೈರು ಸಡಿಲ ಆಗೇತ್ರಿ ಸಾಹೇಬ್ರ. ಹೋದ ಸಲಾನೂ ಇದ ಆಗಿತ್ರಿ. ಗಟ್ಟಿಯಾಗೇ ಬಿಗಿ ಮಾಡಿದ್ದೆ."

"ಬಿಗಿ ಮಾಡಿದ್ದು ತಾನಾಗೇ ಹೆಂಗ ಸಡಿಲ ಆಗ್ತದ? ಇನ್ನೊಮ್ಮೆ ಹಿಂಗಾತಂದ್ರ ಬ್ಯಾರೆ ಗ್ಯಾರೇಜ್ ನೋಡ್ತೀನಿ!"

ಗದರಿ ಒಳಗೆ ಹೊರಟವರು, ಬಾಗಿಲಲ್ಲಿ ಮಲಗಿದ್ದ ಬಿಳಿ ನಾಯಿಯನ್ನು ಎಡವಿ, ಗೋಡೆ ಹಿಡಿದು ಸಾವರಿಸಿಕೊಂಡರು.

ದಸ್ತಗೀರ ಮುಖ ಸಪ್ಪಗೆ ಮಾಡಿಕೊಂಡು ವೈರನ್ನು ಮತ್ತೆ ಬಿಗಿದ. ಅಷ್ಟರಲ್ಲಿ ವೀರಭದ್ರಪ್ಪನವರ ಹೆಂಡತಿ ಗಂಗಮ್ಮ ಚಹಾ ತಂದು ಕೊಟ್ಟು, ಒಳಗೊಮ್ಮೆ ಇಣುಕಿ ನೋಡಿ ದನಿ ತಗ್ಗಿಸಿದರು.

"ಬ್ಯಾಸರ ಮಾಡ್ಕೋಬ್ಯಾಡಪಾ. ಅವರಿಗೆ ಸಂಜಿ ಮುಂದ ಕಣ್ಣು ಕಾಣಂಗಿಲ್ಲ, ಹೇಳಿದ್ರ ಒಪ್ಪಂಗಿಲ್ಲ. ಹೋದ ತಿಂಗಳು ಒಂದು ಕೂಸು ಗಾಲಿ ಕೆಳಗ ಬರೂದು ಸ್ವಲ್ಪದಾಗ ತಪ್ಪೇತಿ."

"ಮತ್ತ ಈ ವೈರು, ಅಮ್ಮಾರ?"

"ನಾನ ಸಡಿಲ ಮಾಡ್ತೀನಿ."