ಬಜ್ಜಿ ಕಾಗದ

ನಾಲ್ಕಾರು ಮಂದಿಗೆ ಮೆಣಸಿನಕಾಯಿ ಬಜ್ಜಿ ಕೊಟ್ಟಾದ ಮೇಲೆ ವೇಣಿಯ ಕಣ್ಣು ಕಾಗದದ ಮೇಲೆ ಬಿತ್ತು. ಅದರ ತುಂಬ ವಾರ್ಡಿನ ಮುಖಂಡ ನಂಜಪ್ಪನವರು ರಸ್ತೆಗುಂಡಿಯ ಪಕ್ಕ ಕುರ್ಚಿ ಹಾಕಿಕೊಂಡು, ಮೀನಿಗೆ ಗಾಳ ಬಿಟ್ಟು ಕೂತಿದ್ದರು. ಕೆಳಗಿನ ಕಾಗದ ಎಳೆದಳು. ಅಲ್ಲೂ ಅವರೇ. ಅದರ ಕೆಳಗೂ ಅವರೇ.

"ಅಮ್ಮಾ, ಆ ಪ್ರಶಸ್ತಿ ಬಂದ ಕಾರ್ಟೂನು!" ಎಂದು ಪಿಸುಗುಟ್ಟಿದಳು.

ಬಾಣಲೆಯ ಮುಂದಿದ್ದ ಅನುಸೂಯಮ್ಮನ ಕೈ ನಿಂತಿತು. ಪ್ರಶಸ್ತಿಯ ಖುಷಿಗೆ ಪತ್ರಿಕೆಯವರು ಆ ಚಿತ್ರವನ್ನು ಹಿಂದಿನ ದಿನ ದೊಡ್ಡದಾಗಿ ಅಚ್ಚು ಹಾಕಿದ್ದರು. ಯಾರ ಕಣ್ಣಿಗೂ ಬೀಳದಿರಲೆಂದು ನಂಜಪ್ಪನವರ ಹುಡುಗರು ಚಂದಾಪುರದ ಅಂಗಡಿಗಳಲ್ಲಿದ್ದ ಪ್ರತಿಗಳನ್ನೆಲ್ಲ ಕೊಂಡು ಹೊತ್ತೊಯ್ದಿದ್ದರು. ಸುದ್ದಿ ಊರಿಗೆಲ್ಲ ಗೊತ್ತಿತ್ತು, ಚಿತ್ರ ನೋಡಿದವರಿರಲಿಲ್ಲ.

"ಗುಜರಿ ಮಲ್ಲಿಕ್ ಕೊಟ್ಟಿದ್ದು ಕಣೇ. 'ನಂಜಪ್ಪನೋರ ಮನೆ ಪೇಪರ್ ಅಕ್ಕಾ, ಮಡಿಕೆನೂ ಬಿಚ್ಚಿಲ್ಲ' ಅಂದ. ಅವ್ರ ಹೆಂಡ್ತಿ ಮನೇಲಿ ಜಾಗ ಇಲ್ಲಾಂತ ತೂಕಕ್ಕೆ ಹಾಕಿದ್ರಂತೆ. ನಂಗೇನ್ ಕನಸು ಬಿದ್ದಿತ್ತಾ? ಮುಖ ಕೆಳಗೆ ಮಾಡಿ ಕೊಡು. ಗಾಡಿ ಇಲ್ಲಿ ನಿಂತಿರೋದೇ ಅವ್ರ ಮಾತಿನ ಮೇಲೆ."

ಹೇಳಿ ಮುಗಿಸುವಷ್ಟರಲ್ಲಿ ಬಿಳಿ ಕಾರು ಬಂದು ನಿಂತಿತು. ಇಳಿದವರು ನಂಜಪ್ಪನವರೇ.

"ಏನಮ್ಮ ವೇಣಿ, ಬಿಸಿ ಐತಾ? ಕೊಡು, ನಮ್ಗೂ ಒಂದೆರಡು."

ವೇಣಿ ಚಿತ್ರ ಕೆಳಗೆ ಮಾಡಿ, ಮೇಲೆ ಬಜ್ಜಿ ಇಟ್ಟು ಕೊಟ್ಟಳು. ಆದರೆ ಎಣ್ಣೆಗೆ ಯಾವ ಮುಖಂಡರ ಭಯ? ಕಾಗದ ನೆನೆಯಿತು. ಮೊದಲು ಮೀಸೆ ಮೂಡಿತು, ಆಮೇಲೆ ಹೊಟ್ಟೆ, ಆಮೇಲೆ ಗಾಳದ ಕೋಲು. ನಂಜಪ್ಪನವರು ಅಗಿಯುವುದನ್ನು ಬಿಟ್ಟು ಸುತ್ತ ನೋಡಿದರು. ಕಂಪನಿ ಬಸ್ಸಿಗೆ ಕಾಯುತ್ತಿದ್ದವರ ಅಂಗೈಗಳಲ್ಲೆಲ್ಲ ಅವರೇ ಹೊಳೆಯುತ್ತಿದ್ದರು. ಒಬ್ಬ ತನ್ನ ಬೆರಳಿನ ಚಟ್ನಿಯನ್ನು ಅವರ ಕೆನ್ನೆಗೆ ಒರೆಸುತ್ತಿದ್ದ.

"ಮಗಾ, ಇವ್ರು ಅವ್ರೇ ಅಲ್ವಾ?" ಎಂದ ಪಕ್ಕದವನು.

"ಎಲ್ಲಿಂದ ಬಂತಮ್ಮ ಈ ಪೇಪರು?" ನಂಜಪ್ಪನವರು ವೇಣಿಯತ್ತ ಬಗ್ಗಿ ಕೇಳಿದರು.

"ನಿಮ್ಮನೆಯಿಂದ್ಲೇ ಸಾರ್," ಎಂದಳು ವೇಣಿ.

ಅನುಸೂಯಮ್ಮ ಗಾಡಿಯ ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ನೋಡಿದಳು. ಅದನ್ನು ತೆಗೆದು ಗಾಡಿ ತಳ್ಳಿಕೊಂಡು ಹೋಗುವುದೊಂದೇ ಬಾಕಿ ಎಂದುಕೊಂಡಳು.

ನಂಜಪ್ಪನವರು ಬಜ್ಜಿಯನ್ನು ಕಷ್ಟಪಟ್ಟು ನುಂಗಿದರು. ಸುತ್ತಲಿನವರ ಕಡೆ ನಗಲು ನೋಡಿದರು, ಆಗಲಿಲ್ಲ. "ಇರೋ ಬಜ್ಜಿ ಎಲ್ಲಾ ನಂಗೇ ಕಟ್ಬಿಡಮ್ಮ. ಆ ಪೇಪರ್ ಒಂದೂ ಮಿಗಿಸ್ಬೇಡ."

ವೇಣಿ ಬಜ್ಜಿಯ ತಟ್ಟೆಯನ್ನೂ ಕಾಗದದ ಕಟ್ಟನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಮೊದಲ ಕಾಗದ ಹಾಸಿ, ತಲೆ ಎತ್ತದೆ ಮೆಲ್ಲಗೆ ಕೇಳಿದಳು:

"ಮುಖ ಒಳಕ್ಕಾ ಸಾರ್, ಹೊರಕ್ಕಾ?"