ಮೂರು ಕಿಲೋ ಜಾಗ

ತೂಕದ ಮೆಷಿನ್ನಿನ ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಕುಣಿದು ಇಪ್ಪತ್ತೇಳರಲ್ಲಿ ನಿಂತವು. ಏಳನೇ ಕ್ಲಾಸಿನ ನಲವತ್ತು ಮಕ್ಕಳೂ ಒಟ್ಟಿಗೆ ಉಸಿರು ಬಿಟ್ಟರು. ತಾನು ಕಟ್ಟಿದ ರಟ್ಟಿನ ಪೆಟ್ಟಿಗೆಯ ಪಕ್ಕದಲ್ಲಿ ರೇಮಂಡ್ ಮಾತ್ರ, ಎಲ್ಲ ಸರಿಯಾಗಿಯೇ ಉಂಟು ಎನ್ನುವ ಮುಖದಲ್ಲಿ ನಿಂತಿದ್ದ. ಮಗಳು ಫಿಯೋನಾ ಅವನತ್ತ ನೋಡಲಿಲ್ಲ. ಸ್ವಲ್ಪ ಮೊದಲು ಹಿತೇಶನ ಪೆಟ್ಟಿಗೆ ಇದೇ ಮೆಷಿನ್ನಿನ ಮೇಲೆ ಕೂತು ಮೂವತ್ತು ಅಂದರೆ ಮೂವತ್ತೇ ತೋರಿಸಿತ್ತು.

ಮಂಗಳ ಗ್ರಹದಲ್ಲಿ ಮನುಷ್ಯ ಬದುಕಬಹುದೇ ಎಂದು ಮಕ್ಕಳೇ ಕಂಡುಕೊಳ್ಳಲಿ ಅಂತ ಡ್ಯಾಫ್ನಿ ಟೀಚರ್ ಹೂಡಿದ ಆಟ ಇದು. ಒಬ್ಬರಿಗೆ ಮೂವತ್ತು ಕಿಲೋ ಲಗೇಜು, ಹೆಚ್ಚಾದರೂ ಕಡಿಮೆಯಾದರೂ ಕಿಲೋಗೆ ಒಂದು ಅಂಕ ಕಡಿತ. ಗಾಳಿ ಮತ್ತು ರಾಕೆಟ್ಟು ಶಾಲೆಯ ವತಿಯಿಂದ, ಉಳಿದದ್ದೆಲ್ಲ ಮನೆಯಿಂದ. ಪೆಟ್ಟಿಗೆ ಕಟ್ಟಲು ಮನೆಯವರೂ ಕೈಜೋಡಿಸಬಹುದು. ಮೊದಲ ಸ್ಥಾನ ಪಡೆದ ಪೆಟ್ಟಿಗೆ ಬೈಕಂಪಾಡಿಯ ವಿಜ್ಞಾನ ಮೇಳಕ್ಕೆ ಹೋಗುತ್ತದೆ. ಮಂಗಳೂರಿನವರು ಊರು ಬಿಟ್ಟರೆ ಉಳಿಯುವುದು ಮಂಗಳವೇ ತಾನೇ ಎಂದು ಟೀಚರ್ ತಮ್ಮ ಮಾತಿಗೆ ತಾವೇ ನಕ್ಕಿದ್ದರು.

ಊರು ಬಿಡುವುದರಲ್ಲಿ ರೇಮಂಡನಿಗೆ ಇಪ್ಪತ್ತಾರು ವರ್ಷದ ಅನುಭವ. ಸೌದಿಯ ಮರಳಿನಲ್ಲಿ ಸ್ಟೋರ್ ಕೀಪರ್ ಆಗಿದ್ದವನು ಎರಡು ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ. ಈ ಜೂನಿನಲ್ಲಿ ಪೂರ್ತಿಯಾಗಿ ಬಂದಿದ್ದ. ವಿಮಾನದಿಂದ ಇಳಿದಿದ್ದರೂ ಮನೆಯೊಳಗೆ ಇನ್ನೂ ಇಳಿದಿರಲಿಲ್ಲ. ಫಿಯೋನಾ ಅವನಿಗೆ ಚಹಾ ಕೊಡುವುದು ಬಂಗಾರದ ಅಂಚಿನ ಕಪ್ಪಿನಲ್ಲಿ, ಸಾಸರ್ ಸಮೇತ. ಕಪಾಟಿನಿಂದ ಆ ಕಪ್ಪು ಹೊರಗೆ ಬರುವುದು ಇಗರ್ಜಿಯ ಫಾದರ್ ಬಂದಾಗ, ಇಲ್ಲದಿದ್ದರೆ ಇವನಿಗೆ. ಅಂಥವಳು ಪೆಟ್ಟಿಗೆ ಕಟ್ಟಿಕೊಡ್ತೀರಾ ಎಂದು ತಾನಾಗಿ ಬಂದು ಕೇಳಿದಾಗ ರೇಮಂಡ್ ಎರಡು ದಿನ ಬೇರೆ ಕೆಲಸವನ್ನೇ ಮಾಡಲಿಲ್ಲ. ಕುಚ್ಚಲಕ್ಕಿ, ನೀರು ಸೋಸುವ ಬಟ್ಟೆ, ಸೂಜಿ-ನೂಲು, ಜ್ವರದ ಮಾತ್ರೆ, ನೆಡಲಿಕ್ಕೆ ಬಸಳೆಯ ದಂಟು. ಯಾವುದರ ಮೇಲೆ ಯಾವುದು ಕೂರಬೇಕೆಂದು ತಲೆಗಿಂತ ಮೊದಲು ಅವನ ಕೈಗೆ ಗೊತ್ತಿತ್ತು.

"ಮೂರು ಕಿಲೋ ಅಂದ್ರೆ ಅಲ್ಲಿ ಹತ್ತು ದಿನದ ಊಟ, ರೇಮಂಡ್‌ಬಾಬ್," ಎಂದರು ಡ್ಯಾಫ್ನಿ ಟೀಚರ್, ಅಂಕದ ಪಟ್ಟಿಯ ಮೇಲೆ ಪೆನ್ನು ಹಿಡಿದುಕೊಂಡು. "ಎಂತ, ತೂಕ ನೋಡ್ಲಿಕ್ಕೆ ಮರೆತು ಹೋಯ್ತಾ?"

"ಮರೆತದ್ದಲ್ಲ ಟೀಚರ್. ಬಿಟ್ಟದ್ದು."

ಮೊದಲ ಸಲ ಹೋಗುವಾಗ ತಾನೂ ಹಿತೇಶನ ಹಾಗೆ ಗ್ರಾಂ ಬಿಡದೆ ತುಂಬಿಸಿದ್ದೆ ಎಂದು ರೇಮಂಡ್ ಹೇಳಿದ. ಟೇಪು ಅಂಟಿಸಿ, ಹಗ್ಗ ಬಿಗಿದು, ಮಾರ್ಕರಿನಲ್ಲಿ ಹೆಸರು ಬರೆದು, ಕಾರು ಗೇಟಿಗೆ ಬಂದು ನಿಂತ ಮೇಲೆ ನೆರೆಮನೆಯ ತೆರೆಸಾಬಾಯಿ ಓಡಿಬಂದರು. ಕೈಯಲ್ಲಿ ಸೌದಿಯಲ್ಲೇ ಇದ್ದ ಮಗನಿಗೆಂದು ಒಂದು ಪ್ಯಾಕೆಟ್ಟು. ಸಣ್ಣದು, ಹಿಡೀತದಾ ಎಂದು ಕೇಳಿದರು. ಅದು ಸಣ್ಣದೇ, ಎರಡು ಕಿಲೋ ಒಣಮೀನು. ಅದಕ್ಕೆ ಜಾಗ ಮಾಡಲು ರೇಮಂಡ್ ತನ್ನ ಕಂಬಳಿ ತೆಗೆದಿಟ್ಟು ಹೋಗಿ, ಆ ಡಿಸೆಂಬರನ್ನು ನಡುಗಿ ಕಳೆದ. ಮುಂದಿನ ಸಲದಿಂದ ಮೂರು ಕಿಲೋ ಊರಿನವರ ಹೆಸರಿಗೆ.

ಮಕ್ಕಳು ನಕ್ಕರು. ಹಿತೇಶ ಎದ್ದು ನಿಂತ. "ಆದ್ರೆ ಅಂಕಲ್, ಮಂಗಳದಲ್ಲಿ ಅದನ್ನು ತೆಗೊಳ್ಲಿಕ್ಕೆ ಯಾರಿದ್ದಾರೆ?"

"ಮೊದಲು ಹೋಗುವವ ನೀನಾದ್ರೆ ಯಾರೂ ಇಲ್ಲ ಮಾರಾಯ. ಎರಡನೆಯವ ಹೊರಡುವಾಗ ನಿನ್ನ ಅಮ್ಮ ಬರ್ತಾರೆ, ಪ್ಯಾಕೆಟ್ ಹಿಡ್ಕೊಂಡು."

ಹಿತೇಶ ತನ್ನ ಮೂವತ್ತು ಕಿಲೋದ ಪೆಟ್ಟಿಗೆಯನ್ನು ಒಮ್ಮೆ ನೋಡಿ ಕೂತುಬಿಟ್ಟ. ಆದರೂ ನಿಯಮ ನಿಯಮವೇ. ಟೀಚರ್ ಫಿಯೋನಾಳ ಮೂರು ಅಂಕ ಕಳೆದು ಹಿತೇಶನ ಹೆಸರಿನ ಮುಂದೆ ಒಂದು ಅಂತ ಬರೆದರು. ಬರೆದಾದ ಮೇಲೆ ದನಿ ತಗ್ಗಿಸಿ, ಈ ರಾಕೆಟ್ಟು ದೋಹಾ ಮೇಲಿಂದ ಹೋಗುತ್ತದೆಯೇ, ಅಲ್ಲಿರುವ ತಮ್ಮನಿಗೆ, ಇರ್ವಿನ್‌ಗೆ, ಒಂದು ಬಾಟ್ಲಿ ಉಪ್ಪಿನಕಾಯಿ ಕೊಡಲಿಕ್ಕುಂಟು ಎಂದು ರೇಮಂಡನನ್ನು ಕೇಳಿದರು.

ರೇಮಂಡನಿಗೆ ನಗು ಬರಲಿಲ್ಲ. ಮಗಳು ಕೇಳಿದ ಮೊದಲ ಕೆಲಸವನ್ನೇ ಕೆಡಿಸಿದೆನಲ್ಲ ಎಂದು ಪೆಟ್ಟಿಗೆಯ ಹಗ್ಗವನ್ನು ಸುಮ್ಮನೆ ಬಿಗಿಗೊಳಿಸುತ್ತಿದ್ದ. ಆಗ ಫಿಯೋನಾ ಅವನತ್ತ ತಿರುಗಿದಳು.

"ವಾಪಸ್ ಬರುವಾಗ್ಲೂ ಜಾಗ ಬಿಡ್ತಿದ್ರಾ?"

"ಬರುವಾಗ ಎಂತ ಜಾಗ? ಯಾವಾಗ್ಲೂ ಜಾಸ್ತಿಯೇ. ಕೌಂಟರಿನಲ್ಲಿ ತೆಗಿ ಅಂತಾರೆ. ತೆಗೆದದ್ದನ್ನು ಮೈಮೇಲೆ ಹಾಕಿಕೊಂಡು ವಿಮಾನ ಹತ್ತುವುದು. ಮೂರು ಶರ್ಟು, ಎರಡು ಪ್ಯಾಂಟು, ಮೇಲೊಂದು ಕೋಟು. ಕಿಸೆಯಲ್ಲೆಲ್ಲ ನಿನ್ನ ಚಾಕ್ಲೇಟು."

"ಹಾಗಾದ್ರೆ ಅದಕ್ಕೆ," ಎಂದಳು ಫಿಯೋನಾ. ಆಮೇಲೆ ಇಡೀ ಕ್ಲಾಸಿಗೆ ಹೇಳಿದಳು. ಏರ್‌ಪೋರ್ಟಿನಲ್ಲಿ ಪಪ್ಪಾ ಎಷ್ಟು ದಪ್ಪ ಇರುತ್ತಿದ್ದರೆಂದರೆ ಅವಳ ಎರಡು ಕೈಗೂ ಸಿಗುತ್ತಿರಲಿಲ್ಲ. ನಂತೂರು ದಾಟಿ, ಮನೆ ಮುಟ್ಟಿ, ಸ್ನಾನ ಮಾಡಿ ಬರುವಷ್ಟರಲ್ಲಿ ಕಡ್ಡಿ. ಆ ಕಡೆಯವರು ಇಲ್ಲಿಗೆ ಬಂದರೆ ಕರಗುತ್ತಾರೆ ಎಂದೇ ಅವಳು ತಿಳಿದಿದ್ದಳು. ಎರಡು ತಿಂಗಳ ರಜೆ ಮುಗಿದು ಅವರು ಹೊರಟಾಗ, ಪೂರ್ತಿ ಕರಗುವ ಮೊದಲು ಹೋಗುತ್ತಿದ್ದಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಗ್ರಹದಿಂದ ಗ್ರಹಕ್ಕೆ ತೂಕ ಬದಲಾಗ್ತದೆ ಅಂತ ಟೀಚರ್ ಹೇಳಿದ್ದು ಇದೇ ಎಂದು ಹಿತೇಶ ಹಿಂದಿನಿಂದ ಸೇರಿಸಿದ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಈ ಸಲ ರೇಮಂಡನೂ ನಕ್ಕ. ನಗುತ್ತಾ ಕರ್ಚೀಫಿಗಾಗಿ ಕಿಸೆ ತಡಕಿದ.

ಸಂಜೆ ಅವನು ಕಂಕನಾಡಿಯ ಮನೆಯ ಮೆಟ್ಟಿಲಲ್ಲಿ ಕೂತು, ಬಾಡುವ ಮೊದಲು ಬಸಳೆಯ ದಂಟು ನೆಡೋಣವೆಂದು ಪೆಟ್ಟಿಗೆಯ ಹಗ್ಗ ಬಿಚ್ಚುತ್ತಿದ್ದಾಗ ಚಹಾ ಬಂತು. ಬಂಗಾರದ ಅಂಚಿಲ್ಲ, ಸಾಸರ್ ಇಲ್ಲ. ಬಾಯಿ ನೆಗ್ಗಿದ ಸ್ಟೀಲ್ ಲೋಟ, ಮುಟ್ಟಿದರೆ ಬೆರಳು ಸುಡುವಂಥದ್ದು.

"ಕುಡಿದು ನೀವೇ ತೊಳೆದಿಡಿ ಪಪ್ಪಾ," ಎಂದು ಫಿಯೋನಾ ಒಳಗೆ ಹೋದಳು.