ತತ್ತಿಯ ತಾಯ್ನುಡಿ

ತತ್ತಿಯೊಳಗಿನ ಕೋಳಿಮರಿ ತನ್ನ ಕಿವಿಗೆ ಬಿದ್ದ ಮಾತನ್ನೇ ಕಲಿತು ಆಡುವ ಕಾಲವದು. ಹಾಗಾಗಿ ಮಹಾರಾಷ್ಟ್ರಕ್ಕೆ ಹೋಗುವ ಕಾವಿನ ತತ್ತಿಗಳ ಮುಂದೆ ಮರಾಠಿಯನ್ನಷ್ಟೇ ಆಡಬೇಕು. ಒಂದು ತತ್ತಿ ಕನ್ನಡ ನುಡಿದರೂ ಇಡೀ ಬುಟ್ಟಿ ವಾಪಸ್ಸು.

ತತ್ತಿಗಳನ್ನು ಗಡಿ ದಾಟಿಸುವ ಸ್ವಯಂಸೇವಕಿ ನೀಲವ್ವ ನಿಪ್ಪಾಣಿಯಿಂದ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಮರಾಠಿ ಅಭಂಗ ಹಾಡುತ್ತಲೇ ಬಂದಿದ್ದಳು. ಆದರೆ ಬಸ್ಸಿನಲ್ಲಿ ವಿಪರೀತ ನೂಕುನುಗ್ಗಲಿತ್ತು.

ಗಡಿಯಲ್ಲಿ ತಪಾಸಣೆಯ ಸಾಹೇಬರು ಬಸ್ಸು ಹತ್ತಿದರು. ತಮಗೆ ಕನ್ನಡದ ಒಂದಕ್ಷರವೂ ಬಾರದೆಂದು ಮರಾಠಿಯಲ್ಲಿ ಗದರಿ, ನೀಲವ್ವನ ಪಕ್ಕ ಕೂತು, ತತ್ತಿಯೊಂದನ್ನು ಕಿವಿಗಿಟ್ಟುಕೊಂಡರು.

ಒಳಗಿನಿಂದ ಥೇಟ್ ನೀಲವ್ವನ ದನಿ ಬಂತು: "ಏ ಬಾಡ್ಯಾ, ಸರದ ಕುಂದರ! ತತ್ತಿ ಒಡೀತಾವ!"

ಸಾಹೇಬರು ಥಟ್ಟನೆ ಸರಿದು ಕೂತರು.

ನೀಲವ್ವ ಬುಟ್ಟಿಗೆ ಸೆರಗು ಹೊದಿಸುತ್ತ ಮೆಲ್ಲಗೆ ಕೇಳಿದಳು: "ಸಾಹೇಬ್ರ, ನಿಮ್ಮವ್ವನ ತವರುಮನಿ ಯಾವೂರ್ರಿ?"